ಕಟ್ಟಿಸಿದವರು ಮತ್ತು ಕಟ್ಟಿದವರು

ಹದಿನೆಂಟನೆಯ ಶತಮಾನದ ಆದಿಭಾಗದ ಯೂರೋಪಿನ ವಾಸ್ತುಶಿಲ್ಪವೆಂದೊಡನೆ ನಾವು ಅರಸರನ್ನೂ ಅರಮನೆಗಳನ್ನೂ ನೆನೆಯುತ್ತೇವೆ. ಪಠ್ಯಪುಸ್ತಕಗಳು ನಮಗೆ ಹಾಕಿಕೊಟ್ಟ ರೂಢಿಯಿದು. ಆ ಕಾಲದ ಬರೋಕ್ ಶೈಲಿಯು ವೈಭವಪ್ರಿಯವಾದುದು ನಿಜ. ಆದರೆ ಆ ವೈಭವವು ಅರಸರ ಸೊತ್ತು ಮಾತ್ರವೇ ಆಗಿರಲಿಲ್ಲವೆಂಬುದಕ್ಕೆ ಜರ್ಮನಿಯ ಸ್ಯಾಕ್ಸನಿ ಸೀಮೆಯ ರಾಜಧಾನಿಯಾದ ಡ್ರೆಸ್ಡೆನ್ ನಗರವು ಸಾಕ್ಷಿಯಾಗಿದೆ.

ಸ್ಯಾಕ್ಸನಿಯ ದೊರೆ ಆಗಸ್ಟಸನು ೧೬೯೭ರಲ್ಲಿ ಪೋಲೆಂಡಿನ ಸಿಂಹಾಸನಕ್ಕಾಗಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದನು. ಪ್ರಜೆಗಳಾದರೋ ಲೂಥರನ ಪಂಥದಲ್ಲಿಯೇ ಉಳಿದರು. ದೊರೆಯು ತನ್ನ ಉತ್ಸವ ವಿನೋದಗಳಿಗಾಗಿ ಪೊಪೆಲ್‌ಮನ್ ಎಂಬ ವಾಸ್ತುಶಿಲ್ಪಿಯಿಂದ ಜ್ವಿಂಗರ್ ಎಂಬ ಮಂಟಪಸಮೂಹವನ್ನು ಕಟ್ಟಿಸಿದನು. ಅದೇ ಊರಿನಲ್ಲಿ ೧೭೨೬ರಲ್ಲಿ ನಗರಸಭೆಯು ಜೀರ್ಣವಾಗಿದ್ದ ಹಳೆಯ ಚರ್ಚಿನ ಬದಲಿಗೆ ಫ್ರೌಎನ್‌ಕಿರ್ಖೆ ಎಂಬ ಹೊಸ ಚರ್ಚಿನ ಕೆಲಸಕ್ಕೆ ಕೈಹಾಕಿತು. ಜನರ ವಂತಿಗೆಯೂ ಅದಕ್ಕೆ ಸೇರಿತು.

ಇದರ ನಿರ್ಮಾಪಕ ಗೆಯೋರ್ಗ್ ಬೇರ್, ನಗರದ ಬಡಗಿಗಳ ಮೇಸ್ತ್ರಿ. ಮರದ ಗುಮ್ಮಟಕ್ಕೆ ತಾಮ್ರದ ತಗಡು ಹೊದಿಸುವುದು ಮೊದಲಿನ ಯೋಜನೆ. ಮರಗೆಲಸದಲ್ಲಿ ಪಳಗಿದ ಆತನೇ ಕಲ್ಲಿನ ಗುಮ್ಮಟಕ್ಕಾಗಿ ಪಟ್ಟುಹಿಡಿದನು. ಗಂಟೆಯಾಕಾರದ ಆ ಮರಳುಗಲ್ಲಿನ ಗುಮ್ಮಟದ ತೂಕ ಸುಮಾರು ೧೨,೦೦೦ ಟನ್. ಭಾರವು ಹೊರಗೋಡೆಗಳಿಗೂ ಹಂಚಿಹೋಗುವುದೆಂದು ಆತನ ಎಣಿಕೆ. ಆದರೆ ಅದು ಬಹುಮಟ್ಟಿಗೆ ಒಳಗಿನ ಎಂಟು ಕಂಬಗಳ ಮೇಲೆಯೇ ಬಿದ್ದಿತು. ಬಿರುಕುಗಳು ಕಾಣಿಸಿಕೊಂಡವು, ಸಂದೇಹಗಳೆದ್ದವು. ಬೇರ್ ೧೭೩೮ರಲ್ಲಿ ತೀರಿಕೊಂಡನು; ಕಟ್ಟಡ ಪೂರ್ಣಗೊಂಡದ್ದು ೧೭೪೩ರಲ್ಲಿ.

೧೭೬೦ರಲ್ಲಿ ಪ್ರಷ್ಯದ ಸೈನ್ಯವು ನಗರದ ಮೇಲೆ ಗುಂಡಿನ ಮಳೆಗರೆದಾಗಲೂ ಗುಮ್ಮಟವು ಜಗ್ಗಲಿಲ್ಲ. ಆದರೆ ೧೯೪೫ರ ಫೆಬ್ರವರಿ ೧೩ರ ರಾತ್ರಿ ಆರಂಭವಾದ ವಿಮಾನದಾಳಿಯ ಬೆಂಕಿಯಲ್ಲಿ ಕಂಬಗಳು ಕಾದು ಸತ್ವಗುಂದಿದವು. ೧೫ರ ಬೆಳಿಗ್ಗೆ ಅದು ಕುಸಿದುಬಿದ್ದಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಲ್ಲುರಾಶಿಯಾಗಿಯೇ ಇದ್ದ ಅದನ್ನು ೧೯೯೪ರಿಂದ ಮತ್ತೆ ಕಟ್ಟಲಾಯಿತು. ಈ ಸಲ ಗುಮ್ಮಟವನ್ನು ಬಲವಾದ ಲೋಹದ ಬಳೆಗಳಿಂದ ಬಿಗಿದು, ಬೇರ್ ಎಣಿಸಿದ್ದಂತೆಯೇ ಭಾರವು ಹಂಚಿಹೋಗುವಂತೆ ಮಾಡಿದರು. ೨೦೦೫ರಲ್ಲಿ ಚರ್ಚು ಪುನಃ ತೆರೆಯಿತು. ಶಿಖರದ ಹೊಸ ಶಿಲುಬೆಯನ್ನು ರೂಪಿಸಿದವನು ಲಂಡನ್ನಿನ ಒಬ್ಬ ಅಕ್ಕಸಾಲಿ. ಆತನ ತಂದೆ ೧೯೪೫ರ ದಾಳಿಯಲ್ಲಿದ್ದ ವೈಮಾನಿಕ. ಹೊಸ ಗೋಡೆಯ ಹಳದಿ ಕಲ್ಲುಗಳ ನಡುವೆ ಕಪ್ಪಗಾದ ಹಳೆಯ ಕಲ್ಲುಗಳು ಇಂದಿಗೂ ಎದ್ದುಕಾಣುತ್ತವೆ.

ಜ್ವಿಂಗರಿನ ಸೊಬಗನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಚರಿತ್ರೆಯನ್ನು ಕಲಿಯುವ ಬಾಲಕನು ಕಟ್ಟಡವನ್ನು ಯಾರು ಕಟ್ಟಿಸಿದರೆಂದು ಕೇಳಿ ಸುಮ್ಮನಾಗಬಾರದು. ಯಾರು ಕಟ್ಟಿದರೆಂದೂ ಕೇಳಬೇಕು. ಆ ಪ್ರಶ್ನೆಯನ್ನು ಅವನ ಬಾಯಿಗೆ ತರುವುದು ಅಧ್ಯಾಪಕರಾದ ನಮ್ಮ ಹೊಣೆ.