ಹಿಡಿಯುವ ಬಲ, ಬಿಡುವ ಗುಣ

1877ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೀಡೆಲ್ ಮತ್ತು ಕ್ರಾಫ್ಟ್ಸ್ ಅವರು ಅಲ್ಯೂಮಿನಿಯಂ ಕ್ಲೋರೈಡಿನ ನೆರವಿನಿಂದ ಬೆಂಜೀನಿಗೆ ಇಂಗಾಲದ ಸರಪಳಿಗಳನ್ನು ಬೆಸೆದರು. ಆ ಲವಣದ ಗುಟ್ಟು ತಿಳಿದುದು 1923ರಲ್ಲಿ ಅಮೆರಿಕದ ಲೂಯಿಸರು ಕೊಟ್ಟ ಸೂತ್ರದಿಂದ: ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ವಸ್ತುವೆಲ್ಲ ಆಮ್ಲವೇ.

ಇಂಥ ಲೋಹಲವಣಗಳಲ್ಲಿ ಬಲಶಾಲಿಯಾದುದೇ ಶ್ರೇಷ್ಠವೆಂಬುದನ್ನು ನಾನು ಒಪ್ಪಲಾರೆ. ಕೆಲಸ ಮಾಡಿಸಿ ಹಿಂದೆ ಸರಿಯುವುದು ಕ್ರಿಯಾವರ್ಧಕದ ಧರ್ಮ. ಕೀಟೋನು ತಯಾರಿಸುವಾಗ ಅಲ್ಯೂಮಿನಿಯಂ ಕ್ಲೋರೈಡು ತಾನು ಹುಟ್ಟಿಸಿದ ಕೀಟೋನನ್ನೇ ಬಿಗಿಹಿಡಿದು ಕೂರುತ್ತದೆ. ಚಿಟಿಕೆ ಸಾಲದು, ಅಣುವಿಗೆ ಒಂದಕ್ಕಿಂತ ಹೆಚ್ಚು ಅಣು ಬೇಕು. ಕಡೆಗೆ ನೀರೆರೆದು ಬಿಡಿಸಿದರೆ ಲವಣವೇ ಹಾಳು.

1990ರ ದಶಕದಲ್ಲಿ ಜಪಾನಿನ ಕೋಬಾಯಾಶಿಯವರು ಬಳಕೆಗೆ ತಂದ ಸ್ಕ್ಯಾಂಡಿಯಂ ಟ್ರೈಫ್ಲೇಟಿಗೆ ಅಷ್ಟು ಬಲವಿಲ್ಲ. ಬೆಂಜೀನು ಅದಕ್ಕೆ ಸುಲಭವಾಗಿ ಮಣಿಯದು. ಅನಿಸೋಲಿನಂಥವು ಮಣಿಯುತ್ತವೆ. ಅದು ಹಿಡಿದುದನ್ನು ಬಿಡುತ್ತದೆ, ನೀರಿಗೆ ಕೆಡದು, ಮತ್ತೆ ಬಳಕೆಗೆ ಸಿಗುತ್ತದೆ.