ಇಂಡಸ್ಟ್ರಿಯಲ್ ಸೆಲ್ಯುಲರ್ ಮೋಡೆಮ್ ಅಳವಡಿಸುವುದು ಹೇಗೆ? ಸಿಮ್‌ನಿಂದ ಆಂಟೆನಾವರೆಗೆ ತಿಳಿದಿರಬೇಕಾದ ಸಂಗತಿಗಳು

ಊರಾಚೆಯ ಪಂಪ್‌ಹೌಸ್‌ನ ಟ್ಯಾಂಕ್‌ನಲ್ಲಿ ನೀರು ಎಷ್ಟಿದೆ, ಕೋಲ್ಡ್ ಸ್ಟೋರೇಜ್‌ನಲ್ಲಿ ತಾಪಮಾನ ಏರಿತೇ, ಜನರೇಟರ್‌ನಲ್ಲಿ ಡೀಸೆಲ್ ಉಳಿದಿದೆಯೇ ಎಂದು ನೋಡಲು ಈಗ ಯಾರೂ ಅಲ್ಲಿಗೆ ಹೋಗಬೇಕಿಲ್ಲ. ಕಂಟ್ರೋಲ್ ಪ್ಯಾನೆಲ್‌ನೊಳಗೆ ಕೂತಿರುವ ಅಂಗೈಯಗಲದ ಪೆಟ್ಟಿಗೆಯೊಂದು ಮೊಬೈಲ್ ನೆಟ್‌ವರ್ಕ್ ಮೂಲಕ ಈ ಮಾಹಿತಿಯನ್ನೆಲ್ಲ ಕಚೇರಿಗೆ ಕಳಿಸುತ್ತದೆ. ಅದೇ ಇಂಡಸ್ಟ್ರಿಯಲ್ ಸೆಲ್ಯುಲರ್ ಮೋಡೆಮ್.

ಸಮಸ್ಯೆ ಶುರುವಾಗುವುದು ಅದು ಮೌನವಾದಾಗ. ಮನೆಯ ವೈಫೈ ಕೈಕೊಟ್ಟರೆ ಎದ್ದು ಹೋಗಿ ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತೇವೆ. ಇಲ್ಲಿ ಅದೇ ಕೆಲಸಕ್ಕೆ ಒಬ್ಬರು ಬೈಕ್ ಹತ್ತಿ ಗಂಟೆಗಟ್ಟಲೆ ಹೋಗಬೇಕು. ಅಷ್ಟರಲ್ಲಿ ಟ್ಯಾಂಕ್ ಬರಿದಾಗಿ ಪಂಪ್ ಒಣಗಿಯೇ ಓಡುತ್ತಿರಬಹುದು, ಇಲ್ಲವೇ ಗೋದಾಮಿನ ಸರಕು ಹಾಳಾಗಿರಬಹುದು. ಹಾಗೆ ನೋಡಿದರೆ ಮೋಡೆಮ್ ಪೆಟ್ಟಿಗೆಯೇ ಕೆಡುವುದು ಅಪರೂಪ. ತಪ್ಪು ಸಿಮ್, ತಪ್ಪು ಜಾಗದ ಆಂಟೆನಾ, ಸಡಿಲ ತಂತಿ, ಮುಗಿದ ರೀಚಾರ್ಜ್‌ಗಳೇ ಹೆಚ್ಚಾಗಿ ಕಾರಣ. ಇವೆಲ್ಲ ಅಳವಡಿಸುವ ದಿನವೇ ತಡೆಯಬಹುದಾದವು.

ಮೊದಲು ನೋಡಬೇಕಾದ್ದು: 2ಜಿಯೋ, 4ಜಿಯೋ?

ಮೋಡೆಮ್ ಕೊಳ್ಳುವ ಮುನ್ನವೇ ಉತ್ತರ ಬೇಕಾದ ಪ್ರಶ್ನೆ ಇದು. ಭಾರತದಲ್ಲಿ ಏರ್‌ಟೆಲ್ 2020ರ ಹೊತ್ತಿಗೆ 3ಜಿ ಸೇವೆಯನ್ನು ನಿಲ್ಲಿಸಿತು, ಆದರೆ 2ಜಿ ಉಳಿಸಿಕೊಂಡಿತು. 2016ರಲ್ಲಿ ಆರಂಭವಾದ ಜಿಯೊದಲ್ಲಿ 2ಜಿ, 3ಜಿ ಎರಡೂ ಮೊದಲಿನಿಂದಲೇ ಇಲ್ಲ. ಹಾಗಾಗಿ ಹಳೆಯ 2ಜಿ ಮೋಡೆಮ್‌ಗೆ ಜಿಯೊ ಸಿಮ್ ಹಾಕಿದರೆ ಅದು ಎಷ್ಟು ಹೊತ್ತು ಹುಡುಕಿದರೂ ನೆಟ್‌ವರ್ಕ್ ಸಿಗುವುದಿಲ್ಲ.

ನಮ್ಮ ಓದುಗರಲ್ಲಿ ಮುಂಬೈ, ಪುಣೆಯಲ್ಲಿ ಕೆಲಸದಲ್ಲಿದ್ದು ಊರಿನ ಹೊಲದ ಪಂಪ್‌ಸೆಟ್ಟನ್ನು ಮೊಬೈಲ್ ಸ್ಟಾರ್ಟರ್‌ನಿಂದ ನಡೆಸುವವರಿದ್ದಾರೆ. ಆ ಸ್ಟಾರ್ಟರ್ ಒಳಗಿರುವುದೂ ಇದೇ ಜಾತಿಯ ಸಣ್ಣ ಮೋಡೆಮ್, ಅದರಲ್ಲೂ ಹೆಚ್ಚಿನವು 2ಜಿ. ಸಿಮ್ ಬದಲಿಸಿದ ಮೇಲೆ ಪಂಪ್ ಸ್ಟಾರ್ಟ್ ಆಗುತ್ತಿಲ್ಲ ಎನ್ನುವವರು ಮೊದಲು ಇದನ್ನೇ ಪರೀಕ್ಷಿಸಬೇಕು.

ಹೊಸದಾಗಿ ಕೊಳ್ಳುವವರಿಗೆ 4ಜಿ ಮೋಡೆಮ್ ಸರಿ. ಅದರಲ್ಲೂ ಕೆಟಗರಿ 1, ಕೆಟಗರಿ 4 ಎಂಬ ದರ್ಜೆಗಳಿವೆ. ಕೆಟಗರಿ 1ರ ಗರಿಷ್ಠ ಡೌನ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್, ಕೆಟಗರಿ 4ರದ್ದು 150. ಮೀಟರ್, ಸೆನ್ಸರ್‌ಗಳಿಗೆ ಮೊದಲನೆಯದು ಧಾರಾಳ. ಸಿಸಿಟಿವಿ ದೃಶ್ಯ ಕಳಿಸಬೇಕಿದ್ದರೆ ಮಾತ್ರ ಎರಡನೆಯದರ ಅಗತ್ಯ.

ಬ್ಯಾಂಡ್ ಕೂಡ ನೋಡಿಕೊಳ್ಳಿ. ಇಲ್ಲಿನ 4ಜಿ ಸೇವೆ ಮುಖ್ಯವಾಗಿ ಬ್ಯಾಂಡ್ 1, 3, 5, 8, 40 ಮತ್ತು 41ರಲ್ಲಿ ನಡೆಯುತ್ತದೆ. ಅಮೆರಿಕ ಮಾರುಕಟ್ಟೆಗೆಂದು ತಯಾರಾದ ಮೋಡೆಮ್ ಅಗ್ಗಕ್ಕೆ ಸಿಕ್ಕಿತೆಂದು ತರಿಸಿಕೊಂಡರೆ ಅದರಲ್ಲಿ 2, 4, 12, 13ರಂಥ ಬ್ಯಾಂಡ್‌ಗಳಿದ್ದು, ನಮಗೆ ಬೇಕಾದವೇ ಇಲ್ಲದಿರಬಹುದು.

ಸಿಮ್: ಫೋನಿನದ್ದು ಬೇಡ

ಮನೆಯಲ್ಲಿ ಬಿದ್ದಿದ್ದ ಪ್ರಿಪೇಯ್ಡ್ ಸಿಮ್ ಹಾಕಿ ಕೆಲಸ ಮುಗಿಸುವುದು ಸುಲಭ. ಆದರೆ ವ್ಯಾಲಿಡಿಟಿ ಮುಗಿದ ದಿನ ಎಲ್ಲವೂ ನಿಲ್ಲುತ್ತದೆ, ಎಚ್ಚರಿಕೆಯ ಎಸ್‌ಎಂಎಸ್ ಯಾರೂ ನೋಡದ ಪೆಟ್ಟಿಗೆಗೆ ಹೋಗಿ ಬೀಳುತ್ತದೆ.

ಯಂತ್ರಗಳಿಗೆಂದೇ ಇರುವುದು ಎಂ2ಎಂ ಸಿಮ್. ಇವುಗಳಿಗೆ 13 ಅಂಕಿಗಳ ಸಂಖ್ಯೆ ನೀಡುವ ವ್ಯವಸ್ಥೆ 2018ರಲ್ಲಿ ಬಂತು. ಅದೇ ವರ್ಷ ದೂರಸಂಪರ್ಕ ಇಲಾಖೆ ಇವುಗಳ ಬಳಕೆಗೆ ಮಿತಿಯನ್ನೂ ಹಾಕಿತು. ಕರೆ ಮತ್ತು ಎಸ್‌ಎಂಎಸ್ ಮೊದಲೇ ಗೊತ್ತುಪಡಿಸಿದ ಸಂಖ್ಯೆಗಳಿಗೆ ಮಾತ್ರ, ಡೇಟಾ ಗೊತ್ತುಪಡಿಸಿದ ವಿಳಾಸಗಳಿಗೆ ಮಾತ್ರ. ಈ ನಿಯಮ ಮರೆತವರು ಕಚೇರಿಯ ಸರ್ವರ್ ವಿಳಾಸ ಬದಲಿಸಿ, ಮೋಡೆಮ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹೊಸ ವಿಳಾಸವನ್ನು ಸಿಮ್ ಕಂಪನಿಗೆ ಮೊದಲೇ ತಿಳಿಸಬೇಕು.

ಸಿಮ್‌ಗೆ ಪಿನ್ ಲಾಕ್ ಇದ್ದರೆ ಫೋನಿಗೆ ಹಾಕಿ ತೆಗೆಸಿ, ಅಥವಾ ಅದೇ ಪಿನ್ ಅನ್ನು ಮೋಡೆಮ್‌ನಲ್ಲಿ ದಾಖಲಿಸಿ. ಮೂರು ಸಲ ತಪ್ಪು ಪಿನ್ ಹೋದರೆ ಪಿಯುಕೆ ಕೇಳುತ್ತದೆ, ಅದೂ ಹತ್ತು ಸಲ ತಪ್ಪಾದರೆ ಸಿಮ್ ಬಿಸಾಡಬೇಕಾಗುತ್ತದೆ. ಪ್ರತಿ ಸಲ ಆನ್ ಆದಾಗಲೂ ತಾನೇ ಪಿನ್ ಒತ್ತುವ ಮೋಡೆಮ್‌ಗೆ ಈ ಮಿತಿ ಮುಟ್ಟಲು ಹೆಚ್ಚು ಹೊತ್ತು ಬೇಡ.

ಸೆಟಪ್ ಮೇಜಿನ ಮೇಲೆ ಮುಗಿಯಲಿ

ಸೈಟ್‌ಗೆ ಹೋಗಿ ಸೆಕೆಯಲ್ಲಿ ನಿಂತು ಲ್ಯಾಪ್‌ಟಾಪ್ ತೆರೆಯುವ ಬದಲು, ಕಚೇರಿಯಲ್ಲೇ ಪೂರ್ತಿ ಸೆಟಪ್ ಮಾಡಿ ಒಂದು ರಾತ್ರಿ ಓಡಿಸಿ ನೋಡುವುದು ಒಳ್ಳೆಯದು. ಆಂಟೆನಾ ಜೋಡಿಸಿ, ಸಿಮ್ ಹಾಕಿ, ಆಮೇಲೆ ಪವರ್ ಕೊಡಿ. ಪವರ್ ಇರುವಾಗ ಸಿಮ್ ತೆಗೆದು ಹಾಕುವುದು ಬೇಡ.

ಬಹುತೇಕ ಮೋಡೆಮ್‌ಗಳಿಗೆ ಬ್ರೌಸರ್‌ನಲ್ಲಿ ತೆರೆಯುವ ಸೆಟ್ಟಿಂಗ್ ಪುಟವಿರುತ್ತದೆ. ಸರಳ ಮಾದರಿಗಳಿಗೆ ಸೀರಿಯಲ್ ಕೇಬಲ್ ಮೂಲಕ ಎಟಿ ಕಮಾಂಡ್ ಕೊಡಬೇಕು. ಕಂಪನಿ ಯಾವುದಾದರೂ ಈ ನಾಲ್ಕು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. 'ಎಟಿ' ಎಂದರೆ 'ಓಕೆ' ಬರಬೇಕು. 'ಎಟಿ+ಸಿಪಿಐಎನ್?' ಕೊಟ್ಟರೆ ಸಿಮ್ 'ರೆಡಿ' ಎನ್ನಬೇಕು. 'ಎಟಿ+ಸಿಇಆರ್‌ಇಜಿ?' ಎಂಬುದು 4ಜಿ ನೆಟ್‌ವರ್ಕ್‌ಗೆ ನೋಂದಣಿ ಆಗಿದೆಯೇ ಎಂದು ತಿಳಿಸುತ್ತದೆ. ಉತ್ತರದ ಎರಡನೇ ಅಂಕಿ 1 ಇದ್ದರೆ ಆಗಿದೆ, 5 ಇದ್ದರೆ ರೋಮಿಂಗ್‌ನಲ್ಲಿ ಆಗಿದೆ, 2 ಎಂದರೆ ಇನ್ನೂ ಹುಡುಕುತ್ತಿದೆ. 3 ಬಂದರೆ ನೆಟ್‌ವರ್ಕ್ ನಿರಾಕರಿಸಿದೆ ಎಂದರ್ಥ. ಆಗ ಆಂಟೆನಾ ತಿರುಗಿಸಿ ಪ್ರಯೋಜನವಿಲ್ಲ, ಸಿಮ್ ಕಂಪನಿಗೆ ಫೋನ್ ಮಾಡಿ.

ನಾಲ್ಕನೆಯದು 'ಎಟಿ+ಸಿಎಸ್‌ಕ್ಯೂ'. ಇದು 0ಯಿಂದ 31ರವರೆಗೆ ಸಿಗ್ನಲ್ ಬಲ ಹೇಳುತ್ತದೆ. ಬಂದ ಅಂಕಿಯನ್ನು ಎರಡರಿಂದ ಗುಣಿಸಿ 113 ಕಳೆದರೆ ಡಿಬಿಎಂ ಲೆಕ್ಕ ಸಿಗುತ್ತದೆ. 10 ಬಂದರೆ ಮೈನಸ್ 93, 20 ಬಂದರೆ ಮೈನಸ್ 73. 99 ಬಂದರೆ ಅತಿ ಬಲ ಎಂದು ಖುಷಿಪಡಬೇಡಿ, ಸಿಗ್ನಲ್ ಪತ್ತೆಯೇ ಆಗಿಲ್ಲ ಎಂದರ್ಥ.

ಇನ್ನು ಎಪಿಎನ್. ಸಾಮಾನ್ಯ ಜಿಯೊ ಸಿಮ್‌ಗೆ ಇದು 'ಜಿಯೊನೆಟ್'. ಎಂ2ಎಂ ಸಿಮ್‌ಗೆ ಕಂಪನಿ ಬೇರೆಯೇ ಎಪಿಎನ್ ಕೊಡುತ್ತದೆ, ಅದನ್ನು ಒಂದು ಅಕ್ಷರವೂ ತಪ್ಪದಂತೆ ಹಾಕಬೇಕು. ಸಿಗ್ನಲ್ ಇದೆ, ನೋಂದಣಿಯೂ ಆಗಿದೆ, ಡೇಟಾ ಮಾತ್ರ ಹೋಗುತ್ತಿಲ್ಲ ಎಂದರೆ ಮೊದಲ ಅನುಮಾನ ಇದರ ಮೇಲಿರಲಿ.

ಹೊಸಬರು ಹೆಚ್ಚು ತಲೆಕೆಡಿಸಿಕೊಳ್ಳುವ ಇನ್ನೊಂದು ವಿಷಯ: ಕಚೇರಿಯಿಂದ ಮೋಡೆಮ್‌ನ ಐಪಿ ವಿಳಾಸಕ್ಕೆ ಪಿಂಗ್ ಮಾಡಿದರೆ ಉತ್ತರವೇ ಇಲ್ಲ. ಸಾಮಾನ್ಯ ಸಿಮ್‌ಗಳಿಗೆ ಮೊಬೈಲ್ ಕಂಪನಿಗಳು ಹೆಚ್ಚಾಗಿ ಖಾಸಗಿ ವಿಳಾಸ ಕೊಟ್ಟು, ಸಾವಿರಾರು ಗ್ರಾಹಕರನ್ನು ಕೆಲವೇ ಸಾರ್ವಜನಿಕ ವಿಳಾಸಗಳ ಹಿಂದೆ ಕೂರಿಸುತ್ತವೆ. ಅಪಾರ್ಟ್‌ಮೆಂಟ್‌ನ ವಾಚ್‌ಮನ್ ಫೋನ್ ಸಂಖ್ಯೆ ಇದ್ದು, ಫ್ಲ್ಯಾಟ್‌ಗೆ ನೇರ ಸಂಖ್ಯೆ ಇಲ್ಲದ ಹಾಗೆ. ಒಳಗಿನಿಂದ ಹೊರಗೆ ಕರೆ ಹೋಗುತ್ತದೆ, ಹೊರಗಿನಿಂದ ಒಳಗೆ ಬರುವುದಿಲ್ಲ. ಆದ್ದರಿಂದ ಮೋಡೆಮ್ ತಾನೇ ಸರ್ವರ್‌ಗೆ ಕರೆ ಮಾಡುವಂತೆ, ಅಂದರೆ ಕ್ಲೈಂಟ್ ಮೋಡ್‌ನಲ್ಲಿ ಅಥವಾ ವಿಪಿಎನ್ ಮೂಲಕ ಸೆಟ್ ಮಾಡಿ. ಅದಾಗದಿದ್ದರೆ ಸ್ಟ್ಯಾಟಿಕ್ ಐಪಿ ಅಥವಾ ಪ್ರೈವೇಟ್ ಎಪಿಎನ್ ಕೊಳ್ಳಬೇಕು.

ಡೇಟಾ ಎಷ್ಟು ಬೇಕು?

ನಿಮಿಷಕ್ಕೊಮ್ಮೆ 200 ಬೈಟ್ ಕಳಿಸಿದರೆ 30 ದಿನಕ್ಕೆ ಸುಮಾರು 8.6 ಎಂಬಿ. ಆದರೆ ಪ್ರತಿ ಸಲವೂ ಹೊಸದಾಗಿ ಸುರಕ್ಷಿತ ಸಂಪರ್ಕ ತೆರೆದು ಮುಚ್ಚಿದರೆ, ಒಂದೊಂದಕ್ಕೆ 5 ಕೆಬಿ ಹಿಡಿದರೂ ತಿಂಗಳಿಗೆ 200 ಎಂಬಿ ದಾಟುತ್ತದೆ. ಸಂಪರ್ಕವನ್ನು ತೆರೆದೇ ಇಟ್ಟರೆ ಸಣ್ಣ ಪ್ಲಾನ್ ಸಾಕು.

ಆಂಟೆನಾ: ಇಲ್ಲಿಯೇ ಎಲ್ಲ ಇರುವುದು

ಪ್ಯಾನೆಲ್‌ಗಳು ಹೆಚ್ಚಾಗಿ ಉಕ್ಕಿನವು. ಉಕ್ಕಿನ ಪೆಟ್ಟಿಗೆ ರೇಡಿಯೋ ಅಲೆಗಳನ್ನು ತಡೆಯುತ್ತದೆ. ಮೋಡೆಮ್ ಜತೆ ಬಂದ ಪುಟ್ಟ ಆಂಟೆನಾವನ್ನು ಪೆಟ್ಟಿಗೆಯೊಳಗೇ ಬಿಟ್ಟು, ಬಾಗಿಲು ತೆರೆದಿಟ್ಟು ಪರೀಕ್ಷಿಸಿ, ಎಲ್ಲ ಸರಿ ಇದೆ ಎಂದು ಬಾಗಿಲು ಮುಚ್ಚಿ ಹೊರಟರೆ ಗೇಟ್ ದಾಟುವುದರೊಳಗೆ ಸಂಪರ್ಕ ಕಡಿದಿರುತ್ತದೆ. ಆಂಟೆನಾ ಪೆಟ್ಟಿಗೆಯ ಹೊರಗಿರಬೇಕು, ಪರೀಕ್ಷೆ ಬಾಗಿಲು ಮುಚ್ಚಿಯೇ ಆಗಬೇಕು.

ಫೋನಿನಲ್ಲಿ ನಾಲ್ಕು ಕಡ್ಡಿ ಕಾಣುತ್ತಿದೆ ಎಂಬ ನಂಬಿಕೆಯೂ ಸಾಲದು. ನಿಮ್ಮ ಫೋನಿನ ಕಂಪನಿ ಬೇರೆ, ಮೋಡೆಮ್ ಸಿಮ್‌ನ ಕಂಪನಿ ಬೇರೆ ಇರಬಹುದು. ಮೋಡೆಮ್ ತೋರಿಸುವ ಆರ್‌ಎಸ್‌ಆರ್‌ಪಿ ಎಂಬ ಅಳತೆಯನ್ನೇ ನೋಡಿ. ಮೈನಸ್ 80ರ ಆಸುಪಾಸು ಚೆನ್ನ, ಮೈನಸ್ 100 ನಡೆಯುತ್ತದೆ, ಮೈನಸ್ 110ಕ್ಕಿಂತ ಕೆಳಗಿಳಿದರೆ ಮಳೆಗಾಲಕ್ಕೆ ತೊಂದರೆ ಕಾದಿದೆ ಎಂದೇ ತಿಳಿಯಿರಿ. ಆಂಟೆನಾವನ್ನು ಒಂದೆರಡು ಅಡಿ ಸರಿಸಿದರೂ ಅಂಕಿ ಬದಲಾಗುತ್ತದೆ. ಹಾಗಾಗಿ ತೂತು ಕೊರೆಯುವ ಮುನ್ನ ಕೈಯಲ್ಲಿ ಹಿಡಿದು ನಾಲ್ಕು ಕಡೆ ಪರೀಕ್ಷಿಸಿ.

ಎತ್ತರದಲ್ಲಿ ಹಾಕಿದರೆ ಒಳ್ಳೆಯದು ಎಂದು ಉದ್ದನೆಯ ಕೇಬಲ್ ಎಳೆಯುವವರಿದ್ದಾರೆ. ಕೇಬಲ್ ಸಿಗ್ನಲ್ ನುಂಗುತ್ತದೆ ಎಂಬುದು ನೆನಪಿರಲಿ. ಸಾಮಾನ್ಯ ಆರ್‌ಜಿ-58 ಕೇಬಲ್ 900 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು ಅರ್ಧ ಡೆಸಿಬೆಲ್ ಕಳೆಯುತ್ತದೆ. 10 ಮೀಟರ್ ಎಳೆದರೆ ಮೂರನೇ ಒಂದು ಭಾಗದಷ್ಟೇ ಶಕ್ತಿ ಉಳಿಯುತ್ತದೆ, 1800 ಅಥವಾ 2300 ಮೆಗಾಹರ್ಟ್ಸ್‌ನಲ್ಲಿ ಇನ್ನೂ ಕಡಿಮೆ. ದೂರ ಹೆಚ್ಚಿದ್ದರೆ ಕಡಿಮೆ ನಷ್ಟದ ದಪ್ಪ ಕೇಬಲ್ ಬೇಕು, ಇಲ್ಲವೇ ಮೋಡೆಮ್ ಅನ್ನೇ ಆಂಟೆನಾ ಹತ್ತಿರ ಇಡಬೇಕು.

ಕನೆಕ್ಟರ್ ವಿಷಯದಲ್ಲಿ ಅನುಭವಿಗಳೂ ಎಡವುತ್ತಾರೆ. ಸೆಲ್ಯುಲರ್ ಮೋಡೆಮ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಸ್‌ಎಂಎ, ವೈಫೈ ಆಂಟೆನಾಗಳಲ್ಲಿ ಇರುವುದು ಆರ್‌ಪಿ-ಎಸ್‌ಎಂಎ. ಎರಡರ ಮರೆಯೂ ಒಂದಕ್ಕೊಂದು ಕೂರುತ್ತದೆ, ಬಿಗಿಯೂ ಆಗುತ್ತದೆ, ಆದರೆ ನಡುವಿನ ಪಿನ್ ಮುಟ್ಟುವುದಿಲ್ಲ. ಎರಡು ಆಂಟೆನಾ ಪೋರ್ಟ್ ಇದ್ದು ಒಂದೇ ಆಂಟೆನಾ ಇದ್ದರೆ ಅದನ್ನು 'ಮೇನ್' ಎಂದು ಬರೆದಿರುವ ಪೋರ್ಟ್‌ಗೇ ಹಾಕಿ.

ಹೊರಗಿನ ಕೀಲುಗಳಿಗೆ ನೀರು ಹೋಗದಂತೆ ಸೀಲಿಂಗ್ ಟೇಪ್ ಸುತ್ತಿ. ಕೇಬಲ್ ಪೆಟ್ಟಿಗೆಯ ಕೆಳಭಾಗದಿಂದ ಒಳಹೋಗಲಿ, ಅದಕ್ಕೂ ಮುನ್ನ ಒಂದು ಇಳಿಬಿದ್ದ ಸುತ್ತು ಬರಲಿ. ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಂಟೆನಾ ಕಟ್ಟಡದ ಮೇಲಿದ್ದರೆ ಸಿಡಿಲು ತಡೆಯುವ ಸರ್ಜ್ ಅರೆಸ್ಟರ್ ಹಾಕಿ ಅದನ್ನು ಅರ್ತಿಂಗ್‌ಗೆ ಜೋಡಿಸಿ. ಅರ್ತಿಂಗ್ ಇಲ್ಲದ ಅರೆಸ್ಟರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪವರ್ ಮತ್ತು ವೈರಿಂಗ್

ಮೋಡೆಮ್ 35 ಮಿಲಿಮೀಟರ್ ಡಿನ್ ರೈಲ್ ಮೇಲೆ ಕೂರುತ್ತದೆ. ಪ್ಯಾನೆಲ್‌ನ 24 ವೋಲ್ಟ್ ಡಿಸಿ ಹೆಚ್ಚಿನ ಮಾದರಿಗಳಿಗೆ ಆಗುತ್ತದೆ, ಆದರೂ ಲೇಬಲ್ ಓದಿಯೇ ಕೊಡಿ. ಡೇಟಾ ಕಳಿಸುವ ಕ್ಷಣದಲ್ಲಿ ಮೋಡೆಮ್ ಒಮ್ಮೆಗೇ ಹೆಚ್ಚು ಕರೆಂಟ್ ಎಳೆಯುತ್ತದೆ. ತೆಳು ತಂತಿ, ಸಡಿಲ ಸ್ಕ್ರೂ ಇದ್ದರೆ ವೋಲ್ಟೇಜ್ ಕುಸಿದು ಅದು ರೀಸ್ಟಾರ್ಟ್ ಆಗುತ್ತದೆ. ಸುಮ್ಮನಿರುವಾಗ ಚೆನ್ನಾಗಿದ್ದು, ಕಳಿಸಲು ಹೊರಟಾಗಲೆಲ್ಲ ಆರಿ ಹೊತ್ತಿಕೊಂಡರೆ ಇದೇ ಕಾರಣ.

ಕರೆಂಟ್ ಹೋಯಿತು ಎಂದು ತಿಳಿಸಬೇಕಾದ ಮೋಡೆಮ್‌ಗೇ ಕರೆಂಟ್ ಇಲ್ಲದಿದ್ದರೆ? ಸಣ್ಣ ಬ್ಯಾಟರಿ ಬ್ಯಾಕಪ್ ಇಲ್ಲದ ಅಲಾರಂ ವ್ಯವಸ್ಥೆಯನ್ನು ಅಲಾರಂ ಎನ್ನುವುದೇ ಕಷ್ಟ.

ಮೀಟರ್ ಅಥವಾ ಪಿಎಲ್‌ಸಿ ಜತೆ ಆರ್‌ಎಸ್-485 ಸಂಪರ್ಕವಿದ್ದರೆ ಎ, ಬಿ ಎಂಬ ಎರಡು ತಂತಿಗಳಿರುತ್ತವೆ. ಯಾವುದು ಎ, ಯಾವುದು ಬಿ ಎಂಬುದರಲ್ಲಿ ಕಂಪನಿಗಳಿಗೇ ಒಮ್ಮತವಿಲ್ಲ. ಮೀಟರ್ ಉತ್ತರ ಕೊಡದಿದ್ದರೆ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಬಾಡ್ ರೇಟ್, ಪ್ಯಾರಿಟಿ ಎರಡೂ ಕಡೆ ಒಂದೇ ಇರಬೇಕು. ಕಚೇರಿಯ ಸಾಫ್ಟ್‌ವೇರ್ 1 ಸೆಕೆಂಡಿನಲ್ಲಿ ಉತ್ತರ ಬಯಸುತ್ತಿದ್ದರೆ ಅದನ್ನು 5 ಸೆಕೆಂಡಿಗೆ ಏರಿಸಿ, ಮೊಬೈಲ್ ನೆಟ್‌ವರ್ಕ್‌ನಲ್ಲಿ ವಿಳಂಬ ಇದ್ದದ್ದೇ. ಮೋಟಾರ್ ಡ್ರೈವ್‌ನ ಕೇಬಲ್ ಪಕ್ಕದಲ್ಲೇ ಈ ತಂತಿಗಳನ್ನು ಓಡಿಸಬೇಡಿ.

ಪಾಸ್‌ವರ್ಡ್ ಬದಲಿಸದೆ ಹೊರಡಬೇಡಿ

2016ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾದ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ಸೇರಿಕೊಂಡದ್ದು ಯಾವ ದೊಡ್ಡ ಚಾಣಾಕ್ಷತನದಿಂದಲೂ ಅಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಅನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೇ. ಅದನ್ನು ಬದಲಿಸಿ, ಸೆಟ್ಟಿಂಗ್ ಪುಟ ಇಂಟರ್ನೆಟ್ ಕಡೆಯಿಂದ ತೆರೆಯದಂತೆ ಮುಚ್ಚಿ. ಗಡಿಯಾರವೂ ಸರಿ ಇರಲಿ. ದಿನಾಂಕ 1970 ಎಂದು ತೋರಿಸುವ ಮೋಡೆಮ್ ಸರ್ವರ್‌ನ ಸುರಕ್ಷತಾ ಪ್ರಮಾಣಪತ್ರವನ್ನೇ ನಂಬದೆ ಸಂಪರ್ಕ ನಿರಾಕರಿಸುತ್ತದೆ.

ವಾಚ್‌ಡಾಗ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ಮೋಡೆಮ್ ಆಗಾಗ ಸರ್ವರ್‌ಗೆ ಪಿಂಗ್ ಮಾಡಿ, ಸತತವಾಗಿ ಉತ್ತರ ಬಾರದಿದ್ದರೆ ತಾನೇ ರೀಸ್ಟಾರ್ಟ್ ಆಗುತ್ತದೆ. ಬೈಕ್ ಪ್ರಯಾಣ ಉಳಿಸುವ ಸೆಟ್ಟಿಂಗ್ ಇದು. ಅವಧಿ ಮಾತ್ರ ತೀರಾ ಚಿಕ್ಕದಾಗದಿರಲಿ. ಸರ್ವರ್ ಹತ್ತು ನಿಮಿಷ ನಿಂತರೆ ಎಲ್ಲ ಮೋಡೆಮ್‌ಗಳೂ ಪದೇ ಪದೇ ರೀಸ್ಟಾರ್ಟ್ ಆಗುತ್ತ ಕೂರುತ್ತವೆ.

ಹೊರಡುವ ಮುನ್ನ ಒಂದು ಚೀಟಿ

ಬಾಗಿಲಿನ ಒಳಮುಖಕ್ಕೆ ಒಂದು ಚೀಟಿ ಅಂಟಿಸಿ. ಸಿಮ್ ಸಂಖ್ಯೆ, ಸಿಮ್ ಯಾರ ಹೆಸರಿನಲ್ಲಿದೆ, ಐಎಂಇಐ, ಎಪಿಎನ್, ಪ್ಲಾನ್ ಮುಗಿಯುವ ದಿನಾಂಕ, ಜತೆಗೆ ಅಳವಡಿಸಿದ ದಿನದ ಸಿಗ್ನಲ್ ಅಂಕಿ. ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ. ಎರಡು ವರ್ಷದ ನಂತರ ಬರುವ ತಂತ್ರಜ್ಞನಿಗೆ ನಿಮ್ಮ ಪರಿಚಯವೂ ಇರಲಿಕ್ಕಿಲ್ಲ. ಚೀಟಿಯಲ್ಲಿ 19 ಎಂದಿದ್ದು ಈಗ ಮೋಡೆಮ್ 8 ತೋರಿಸುತ್ತಿದ್ದರೆ, ಅವನು ಮೋಡೆಮ್ ಬದಲಿಸುವ ಬದಲು ಏಣಿ ಹತ್ತಿ ಆಂಟೆನಾ ಕನೆಕ್ಟರ್‌ನೊಳಗೆ ನೀರು ಸೇರಿದೆಯೇ ಎಂದು ನೋಡುತ್ತಾನೆ.