ಸರಕು ವ್ಯಾನ್ ವಿಮೆ (ಭಾರತ)

ಸರಕು ವ್ಯಾನ್ ವಿಮೆಯು ಸಣ್ಣ ವ್ಯಾಪಾರಿಗಳು ಹಾಗೂ ಕುಶಲಕರ್ಮಿಗಳು ಬಳಸುವ ಸರಕು ಸಾಗಣೆ ವ್ಯಾನುಗಳಿಗೆ ಮಾಡಿಸುವ ಮೋಟಾರು ವಿಮೆಯಾಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ 146ನೇ ಕಲಮಿನ ಪ್ರಕಾರ ಮೂರನೇ ವ್ಯಕ್ತಿ ವಿಮೆ ಕಡ್ಡಾಯ. ಇದರ ಕಂತು ಚಾಲಕನ ವಯಸ್ಸನ್ನಲ್ಲ, ವಾಹನದ ಒಟ್ಟು ತೂಕವನ್ನು ಅವಲಂಬಿಸಿರುತ್ತದೆ.

ಯುವ ಚಾಲಕರು

ಸ್ವಂತ ಬಳಕೆಯ ಕಾರಿಗೆ 18 ವರ್ಷ ಸಾಕು. ಸರಕು ವ್ಯಾನ್ ಸಾರಿಗೆ ವಾಹನವಾದ್ದರಿಂದ 4ನೇ ಕಲಮಿನಂತೆ ಚಾಲಕನಿಗೆ 20 ವರ್ಷ ತುಂಬಿರಬೇಕು. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನಕ್ಕೆ ಲಘು ಮೋಟಾರು ವಾಹನ ಪರವಾನಗಿಯೇ ಸಾಕೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರಲ್ಲಿ ತೀರ್ಪು ನೀಡಿತು. ಇದರಿಂದ ವಯೋಮಿತಿ ಬದಲಾಗಿಲ್ಲ.

ಮಾಲೀಕನ ಹೊಣೆ

ಅರ್ಹತೆಯಿಲ್ಲದವನಿಗೆ ಮಾಲೀಕನು ತಿಳಿದೂ ವಾಹನ ಒಪ್ಪಿಸಿ ಅಪಘಾತವಾದಲ್ಲಿ, ವಿಮಾ ಕಂಪನಿಯು ಮೊದಲು ಸಂತ್ರಸ್ತರಿಗೆ ಪರಿಹಾರ ನೀಡಿ, ಬಳಿಕ ಆ ಮೊತ್ತವನ್ನು ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಮಂಡಳಿಯು ಆದೇಶಿಸಬಹುದು. ವ್ಯಾನಿನ ಸ್ವಂತ ಹಾನಿಯ ಪರಿಹಾರವೂ ತಪ್ಪಬಹುದು.